ಅಂಗಳದ ಹುಲ್ಲು

ಅಂಗಳದಲ್ಲಿ ಹುಲ್ಲು ಬೆಳೆದರೆ ನಮ್ಮಲ್ಲಿ "ಈ ಮನೆಯಲ್ಲಿ ಹೆಂಗಸರಿಲ್ಲವೇ?" ಅಂತಾರೆ, ಅಲ್ಲವೇ ಸೋದರಿಯರೇ? ಅಮೆರಿಕದಲ್ಲಿ ಹುಲ್ಲು ಇರಲೇಬೇಕು, ಆದರೆ ಬೆಳೆಯಬಾರದು! ಮಗಳ ಬಾಣಂತನಕ್ಕೆಂದು ಒಹಾಯೋಗೆ ಹೋದಾಗ ಇದು ತಿಳಿಯಿತು.

ಕೂಸಿನ ಗಡಿಬಿಡಿಯಲ್ಲಿ ಅಳಿಯಂದಿರು ಮೂರು ವಾರ ಹುಲ್ಲು ಕತ್ತರಿಸಿರಲಿಲ್ಲ. ಗೇಣುದ್ದ ಬೆಳೆದು, ನಡುನಡುವೆ ದಂಡೇಲಿಯನ್ನಿನ ಹಳದಿ ಹೂ. ಎಲೆ ನಮ್ಮ ಹಕ್ಕರಿಕೆಯಂಥದೇ, ತಿನ್ನಲೂ ಬರುತ್ತದೆ. ಅಲ್ಲಿಯವರು ಮಾತ್ರ ಅದಕ್ಕೆ ವಿಷ ಹೊಡೆಯುತ್ತಾರೆ. ನಾನು ರೊಟ್ಟಿಗೆಂದು ನಾಲ್ಕು ಎಲೆ ಕೊಯ್ಯುವಷ್ಟರಲ್ಲಿ ಪುರಸಭೆಯ ನೋಟೀಸು ಬಂತು. ಅಲ್ಲಿ ಎಷ್ಟೋ ಊರುಗಳಲ್ಲಿ ಹುಲ್ಲು 8-10 ಅಂಗುಲ ಮೀರಿದರೆ ದಂಡವುಂಟು. ಯಾರೋ ನೆರೆಯವರೇ ದೂರು ಕೊಟ್ಟಿದ್ದರು. ಹಸಿ ಬಾಣಂತಿ, ಅತ್ತೇಬಿಟ್ಟಳು: "ಬಾಗಿಲು ತಟ್ಟಿ ಒಂದು ಮಾತು ಹೇಳಬಾರದಿತ್ತೇನವ್ವಾ?"

ಎಲ್ಲ ದೇಶವೂ ಹೀಗಿಲ್ಲ. ಜರ್ಮನಿಯ ವಸತಿ ಬಡಾವಣೆಗಳಲ್ಲಿ ಭಾನುವಾರ ಹುಲ್ಲಿನ ಯಂತ್ರ ಓಡಿಸುವಂತಿಲ್ಲ, ಸದ್ದಾಗುತ್ತದೆಂದು. ಬ್ರಿಟನ್ನಿನಲ್ಲಿ ಪ್ಲಾಂಟ್‌ಲೈಫ್ ಸಂಸ್ಥೆಯವರು 2019ರಿಂದ, ಮೇ ತಿಂಗಳಿಡೀ ಹುಲ್ಲು ಕತ್ತರಿಸಬೇಡಿ, ಜೇನಿಗೆ ಹೂವಿರಲಿ ಎನ್ನುತ್ತಿದ್ದಾರೆ.

ಮರುದಿನ ಎದುರುಮನೆಯ ಮುದುಕರು ತಾವಾಗಿಯೇ ಯಂತ್ರ ತಂದು ಕತ್ತರಿಸಿಕೊಟ್ಟರು. ಹಣ ಮುಟ್ಟಲಿಲ್ಲ. ದೂರು ಕೊಟ್ಟವರೂ ಇವರೇ ಇರಬಹುದೆಂದು ಮಗಳಿಗೆ ಇನ್ನೂ ಗುಮಾನಿ. ನಾನಂತೂ ಒಂದು ಡಬ್ಬಿ ಚಕ್ಕುಲಿ ಕೊಟ್ಟು ಬಂದೆ.