ಮೀನು ಕಿತ್ತೆಸೆದ ಗಿಡ

ಹತ್ತನೇ ತರಗತಿಯಲ್ಲಿ ಓದುವ ನಮ್ಮ ಅಕ್ಕನ ಮಗ ಎರಡು ತಿಂಗಳು ದುಡ್ಡು ಕೂಡಿಟ್ಟು ತನ್ನ ಮೀನಿನ ತೊಟ್ಟಿಗೆ ಒಂದಷ್ಟು ಜಲಸಸ್ಯ ತಂದ. ಸಂಜೆ ಮರಳಿನಲ್ಲಿ ಸಾಲಾಗಿ ನೆಟ್ಟ. ಬೆಳಿಗ್ಗೆ ಎದ್ದು ನೋಡಿದರೆ ಅಷ್ಟೂ ಗಿಡ ಬೇರುಸಮೇತ ನೀರಿನ ಮೇಲೆ ತೇಲುತ್ತಿದ್ದವು! ಮತ್ತೆ ನೆಟ್ಟ, ಮತ್ತೆ ಅದೇ ಕಥೆ. ಮೂರನೆಯ ದಿನ ಅಕ್ಕ, ‘ದುಡ್ಡೆಲ್ಲ ನೀರುಪಾಲು. ಆ ಮೀನುಗಳನ್ನು ಅಂಗಡಿಗೇ ಕೊಟ್ಟು ಬಾ’ ಎಂದುಬಿಟ್ಟಳು. ಹುಡುಗ ಅಳುಮೋರೆಯಲ್ಲಿ ನನ್ನ ಬಳಿ ಬಂದ. ‘ಮಾಮ, ನನ್ನ ಮೀನು ಅಷ್ಟು ಕೆಟ್ಟದ್ದಾ?’

ಕೆಟ್ಟದ್ದೇನಲ್ಲ. ಅವನು ಸಾಕಿದ್ದು ಆಸ್ಕರ್, ಅಮೆಜಾನ್ ಸೀಮೆಯ ಸಿಕ್ಲಿಡ್. ಗಿಡ ತಿನ್ನುವ ಆಸೆ ಅದಕ್ಕಿಲ್ಲ. ಆದರೆ ತಳ ಅಗೆಯುವುದು, ಸಿಕ್ಕಿದ್ದನ್ನು ಬಾಯಲ್ಲಿ ಕಚ್ಚಿ ಆಚೆ ಎಸೆಯುವುದು ಅದರ ಹುಟ್ಟುಗುಣ. ಮೊಟ್ಟೆ ಇಡುವ ಕಾಲದಲ್ಲಂತೂ ಕೇಳುವುದೇ ಬೇಡ.

ಸಿಕ್ಲಿಡ್ ಎಂಬುದು ಒಂದು ಮೀನಿನ ಹೆಸರಲ್ಲ, ಸಾವಿರಕ್ಕೂ ಹೆಚ್ಚು ಪ್ರಭೇದಗಳ ದೊಡ್ಡ ಕುಟುಂಬ. ನಮ್ಮ ಕೆರೆಗಳಿಗೆ ಹೊರಗಿನಿಂದ ಬಂದು ಸೇರಿದ ಜಿಲೇಬಿ ಮೀನು ಇದೇ ಕುಟುಂಬದ್ದು. ಕೇರಳದ ಕರಿಮೀನೂ ಅಷ್ಟೆ. ದಕ್ಷಿಣ ಕನ್ನಡದ ಹೊಳೆಗಳಲ್ಲಿ ಇವುಗಳ ನೆಂಟನೊಂದಿದೆ. 1877ರಲ್ಲಿ ಫ್ರಾನ್ಸಿಸ್ ಡೇ ಅದಕ್ಕೆ ಇಟ್ಟ ಹೆಸರಿನಲ್ಲೇ ‘ಕೆನರಾ’ ಇದೆ. ಈಗ ಅದು ಅಪರೂಪ.

ಹಾಗಾಗಿ ಜೀವಂತ ಗಿಡವೋ ಪ್ಲಾಸ್ಟಿಕ್ ಗಿಡವೋ ಎಂದು ಕೇಳುವ ಮೊದಲು, ಮೀನು ಯಾವುದು ಎಂದು ಕೇಳಬೇಕು. ಏಂಜಲ್ ಮೀನಿದ್ದರೆ ಧೈರ್ಯವಾಗಿ ಜೀವಂತ ಗಿಡ ನೆಡಿ. ಅಗಲ ಎಲೆ ಸಿಕ್ಕರೆ ಅದರ ಮೇಲೇ ಮೊಟ್ಟೆ ಅಂಟಿಸುತ್ತದೆ. ಆಫ್ರಿಕದ ಮಲಾವಿ ಸರೋವರದ ‘ಎಂಬೂನ’ ಮೀನುಗಳು ಬಂಡೆಯ ಪಾಚಿ ಕೆರೆದು ತಿನ್ನುವಂಥವು. ಅವುಗಳ ಮುಂದೆ ಎಳೆಯ ಎಲೆ ಇಟ್ಟರೆ ಸೊಪ್ಪು ಹಾಕಿದಂತೆಯೇ ಸರಿ! ಅಲ್ಲಿಗೆ ಬೇಕಾದದ್ದು ದಪ್ಪ ಎಲೆಯ ಅನೂಬಿಯಾಸ್ ಅಥವಾ ಜಾವಾ ಫರ್ನ್. ಇವಕ್ಕೆ ಮರಳು ಬೇಡ. ಗಾಳದ ದಾರದಿಂದ ಕಲ್ಲಿಗೆ ಕಟ್ಟಿದರೆ ಸಾಕು, ಬೇರು ತಾನೇ ಹಿಡಿಯುತ್ತದೆ. ಗಡ್ಡೆಯಂಥ ಕಾಂಡವನ್ನು ಮಾತ್ರ ಮರಳಲ್ಲಿ ಹೂಳಬೇಡಿ, ಕೊಳೆಯುತ್ತದೆ.

ಪ್ಲಾಸ್ಟಿಕ್ ಗಿಡವೆಂದರೆ ನಾನೂ ಒಂದು ಕಾಲಕ್ಕೆ ಮೂಗು ಮುರಿಯುತ್ತಿದ್ದೆ. ಆಸ್ಕರ್ ಸಾಕಿದವರಿಗೆ ಅದೇ ಗತಿ ಎಂದು ಈಗ ಒಪ್ಪುತ್ತೇನೆ. ಹೆದರಿದ ಮೀನಿಗೆ ಅದೂ ಒಂದು ಮರೆ. ಕೊಳ್ಳುವಾಗ ಅಂಚಿನ ಮೇಲೆ ಹಳೆಯ ನೈಲಾನ್ ಕಾಲುಚೀಲ ಎಳೆದು ನೋಡಿ. ದಾರ ಸಿಕ್ಕಿಕೊಂಡರೆ ಮೀನಿನ ಕಣ್ಣಿಗೂ ಗಾಯ ಖಂಡಿತ. ಬಿಳಿ ಬಟ್ಟಲಲ್ಲಿ ಬಿಸಿನೀರು ಹಾಕಿ ಒಂದು ರಾತ್ರಿ ನೆನೆಸಿಡಿ. ಬಣ್ಣ ಬಿಟ್ಟರೆ ಬೇಡವೇ ಬೇಡ.

ಆದರೆ ಅದು ನೀರನ್ನು ಶುದ್ಧ ಮಾಡದು. ಮೀನಿನ ಕಸದಿಂದ ಹುಟ್ಟುವ ಅಮೋನಿಯಾ ವಿಷ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಜೀವಂತ ಗಿಡ ಅಮೋನಿಯಾವನ್ನೂ ನೈಟ್ರೇಟನ್ನೂ ಗೊಬ್ಬರದಂತೆ ಹೀರುತ್ತದೆ. ಪ್ಲಾಸ್ಟಿಕ್ ಗಿಡದ ತೊಟ್ಟಿಯಲ್ಲಿ ಆ ಕೆಲಸ ನಿಮ್ಮದು: ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು. ಗಿಡವಿದೆಯೆಂದು ಏರ್ ಪಂಪ್ ನಿಲ್ಲಿಸಬೇಡಿ. ಕತ್ತಲಲ್ಲಿ ಗಿಡಗಳೂ ಆಮ್ಲಜನಕವನ್ನೇ ಬಳಸುತ್ತವೆ.

ಅಳಿಯ ಮಹಾಶಯ ಉಳಿದ ಹೈಡ್ರಿಲ್ಲವನ್ನು ಮಹಡಿಯ ಮೇಲಿನ ಬಕೆಟ್‌ಗೆ ಹಾಕಿದ. ಅದು ಬಿಸಿಲಿಗೆ ಹುಲುಸಾಗಿ ಬೆಳೆದಿದೆ. ಪಾಠದಲ್ಲಿದ್ದ ಪ್ರಯೋಗವನ್ನು ಅಲ್ಲೇ ಮಾಡಿದ: ಆಲಿಕೆ ಬೋರಲು ಹಾಕಿ, ಮೇಲೆ ನೀರು ತುಂಬಿದ ಪ್ರನಾಳ ಇಟ್ಟು, ಗುಳ್ಳೆ ಎಣಿಸಿದ. ತೊಟ್ಟಿಯಲ್ಲೀಗ ಎರಡು ಕಲ್ಲು, ಒಂದು ಮರದ ಬೊಡ್ಡೆ, ಒಂದು ಪ್ಲಾಸ್ಟಿಕ್ ಗಿಡ. ಆಸ್ಕರ್ ಅದನ್ನೂ ದಿನಕ್ಕೊಮ್ಮೆ ಕಿತ್ತು ಮೂಲೆಗೆ ಎಳೆದೊಯ್ಯುತ್ತದೆ. ಅಕ್ಕ ಕಾಫಿ ಲೋಟ ಹಿಡಿದು ಎದುರೇ ಕೂತು, ‘ನೋಡು, ಮತ್ತೆ ಶುರು ಮಾಡಿತು’ ಎಂದು ಮಗನನ್ನು ಕೂಗುತ್ತಾಳೆ.