ಅತಿವೇಗ ಮತ್ತು ಅಜಾಗರೂಕತೆ

ಕನ್ನಡದಲ್ಲಿ ಅತ್ಯಂತ ಹೆಚ್ಚು ಸಲ ಬರೆಯಲ್ಪಟ್ಟ ವಾಕ್ಯ ಯಾವುದು ಎಂದು ಯಾರಾದರೂ ಕೇಳಿದರೆ ಪಂಪನಲ್ಲೋ ಕುಮಾರವ್ಯಾಸನಲ್ಲೋ ಹುಡುಕಬೇಕಾಗಿಲ್ಲವೆಂದು ನನ್ನ ಅನುಮಾನ. ಯಾವುದಾದರೊಂದು ಪೋಲೀಸು ಠಾಣೆಗೆ ಹೋಗಿ, ಮೋಟಾರು ಅಪಘಾತದ ದೂರಿನ ನಕಲೊಂದನ್ನು ಕೈಗೆತ್ತಿಕೊಂಡರೆ ಸಾಕು. "ಸದರಿ ಚಾಲಕನು ತನ್ನ ಬಾಬ್ತು ವಾಹನವನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಮಾನವ ಪ್ರಾಣಕ್ಕೆ ಅಪಾಯವಾಗುವ ರೀತಿಯಲ್ಲಿ ಚಾಲನೆ ಮಾಡಿಕೊಂಡು ಬಂದು ಡಿಕ್ಕಿ ಹೊಡೆಸಿದ ಪರಿಣಾಮ" ಎಂದು ಅದು ಹೊರಡುತ್ತದೆ. ಊರು ಬೇರೆ, ಸತ್ತವರು ಬೇರೆ, ಹಗಲು ಬೇರೆ, ಇರುಳು ಬೇರೆ, ವಾಕ್ಯ ಒಂದೇ. ಹೇಳಿದವರು ಓದಿದವರಾದರೂ ಒಂದೇ, ಹೆಬ್ಬೆಟ್ಟಿನವರಾದರೂ ಒಂದೇ. ಇಷ್ಟು ಜನ ಬೇರೆ ಬೇರೆ ಕಡೆ ನಿಂತು ಇಷ್ಟು ಬಗೆಯ ಅಪಘಾತಗಳನ್ನು ನೋಡಿ ಅಕ್ಷರಶಃ ಒಂದೇ ಮಾತನ್ನಾಡಿದರೆಂದರೆ ಯಾರು ನಂಬುತ್ತಾರೆ? ನಂಬಬೇಕೆಂದು ನ್ಯಾಯಾಲಯಗಳನ್ನು ಪ್ರತಿದಿನ ಕೇಳಿಕೊಳ್ಳಲಾಗುತ್ತಿದೆ.

ನಾನು ವಕೀಲನಲ್ಲ, ಕನ್ನಡದ ಮೇಷ್ಟ್ರು. ಈ ವಾಕ್ಯವನ್ನು ನಾನು ನೋಡುವುದು ಹುಡುಗರ ಉತ್ತರಪತ್ರಿಕೆಯನ್ನು ನೋಡುವಂತೆಯೇ. ಅದರಲ್ಲಿರುವ 'ಸದರಿ', 'ಬಾಬ್ತು' ಮೊದಲಾದ ಮಾತುಗಳ ಮೇಲೆ ನನಗೆ ಕೋಪವಿಲ್ಲ. ಅವು ಎಂದೋ ಬಂದು ನಮ್ಮ ಕಚೇರಿಯ ಜಗಲಿಯ ಮೇಲೆ ಕೂತಿವೆ, ಕೂತಿರಲಿ. ಶುದ್ಧ ಕನ್ನಡದ ಮಡಿಯುಟ್ಟು ಠಾಣೆಯ ಮೆಟ್ಟಿಲು ಹತ್ತುವ ಹಂಬಲ ನನ್ನದಲ್ಲ. ನನ್ನ ಜಗಳ 'ಅತಿವೇಗ', 'ಮತ್ತು', 'ಅಜಾಗರೂಕತೆ' ಎಂಬ ಮೂರು ಮಾತುಗಳೊಡನೆ. ಇವು ನೋಡಿದವನ ಕಣ್ಣಿನಿಂದ ಬಂದವಲ್ಲ, ಕಾನೂನಿನ ಪುಸ್ತಕದಿಂದ ಬಂದವು; ಅಲ್ಲಿಂದಲೂ ನೆಟ್ಟಗೆ ಬರಲಿಲ್ಲ.

ಮೂಲ ಇರುವುದು 1860ರ ದಂಡ ಸಂಹಿತೆಯ 279ನೆಯ ಕಲಮಿನಲ್ಲಿ. ಮೋಟಾರು ಕಾರೇ ಹುಟ್ಟದಿದ್ದ ಕಾಲ; ಅದನ್ನು ಬರೆದವರ ಕಣ್ಣ ಮುಂದಿದ್ದುದು ಸಾರೋಟು ಮತ್ತು ಕುದುರೆ ಸವಾರ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 281ನೆಯ ಕಲಮಾಗಿ ಕೂತಿದೆ. ಸಾವು ಸಂಭವಿಸಿದರೆ ಹಿಂದಿನ 304-ಎ ಬದಲು ಈಗ 106. ಕಲಮಿನ ಸಂಖ್ಯೆ ಬದಲಾಯಿತು, ಒಳಗಿನ ಮಾತು ಹಾಗೆಯೇ ಉಳಿಯಿತು. ಆ ಮಾತಿನಲ್ಲಿ ವೇಗದ ಸುದ್ದಿಯೇ ಇಲ್ಲ! ಇರುವುದು 'ರ್‍ಯಾಷ್' ಅಥವಾ 'ನೆಗ್ಲಿಜೆಂಟ್' ಎಂದು. ಮೊದಲನೆಯದಕ್ಕೆ ಕನ್ನಡದಲ್ಲಿ 'ದುಡುಕು' ಎಂಬ ಚೊಕ್ಕವಾದ ಮಾತುಂಟು: ಅಪಾಯವೆಂದು ತಿಳಿದೂ ಮುನ್ನುಗ್ಗುವುದು. ಎರಡನೆಯದು ಅಲಕ್ಷ್ಯ: ವಹಿಸಬೇಕಾದ ಎಚ್ಚರವನ್ನು ವಹಿಸದಿರುವುದು. ಎತ್ತಿನ ಗಾಡಿಯ ವೇಗದಲ್ಲಿ ಹೋಗುತ್ತಲೂ ದುಡುಕಬಹುದು. ಗಂಟೆಗೆ ಎಂಬತ್ತು ಕಿಲೋಮೀಟರು ಹೋಗುತ್ತಲೂ ಜಾಗರೂಕನಾಗಿರಬಹುದು. ನಮ್ಮ ಠಾಣೆಗಳ ಕನ್ನಡ ದುಡುಕನ್ನು ಕಿತ್ತು ಅತಿವೇಗವನ್ನು ನೆಟ್ಟಿತು. 'ಅಥವಾ' ಎಂಬುದನ್ನು ತೆಗೆದು 'ಮತ್ತು' ಎಂಬುದನ್ನು ತಂದಿಟ್ಟಿತು. ಕಾನೂನು ಎರಡರಲ್ಲಿ ಒಂದನ್ನು ತೋರಿಸು ಎನ್ನುತ್ತದೆ. ನಾವು ಎರಡನ್ನೂ ಹೊತ್ತುಕೊಂಡು ಹೋಗಿ ಒಂದನ್ನೂ ತೋರಿಸದೆ ಬರುತ್ತೇವೆ.

ಇದು ಕೇವಲ ವ್ಯಾಕರಣದ ಕೀಟಲೆಯೆಂದು ತಿಳಿಯುವವರು 'ಕರ್ನಾಟಕ ರಾಜ್ಯ ವಿರುದ್ಧ ಸತೀಶ್' ಎಂಬ ಮೊಕದ್ದಮೆಯನ್ನು ನೋಡಬೇಕು. 1982ರ ನವೆಂಬರ್ 25ರ ಬೆಳಗ್ಗೆ ಹಳ್ಳವೊಂದನ್ನು ದಾಟುತ್ತಿದ್ದ ಲಾರಿ ಮಗುಚಿಕೊಂಡು 15 ಜನ ಸತ್ತರು. ಕೆಳಗಿನ ನ್ಯಾಯಾಲಯಗಳು ಚಾಲಕನನ್ನು ಅಪರಾಧಿಯೆಂದವು; ಉಚ್ಚ ನ್ಯಾಯಾಲಯ ಬಿಡುಗಡೆ ಮಾಡಿತು; ರಾಜ್ಯ ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1998ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಲಾರಿ ಅತಿವೇಗದಲ್ಲಿತ್ತೆಂದು ಸಾಕ್ಷಿಗಳು ಹೇಳಿದರೇ ಹೊರತು ಅತಿವೇಗವೆಂದರೆ ಎಷ್ಟು ಎಂಬುದನ್ನು ಅಂದಾಜಿನಿಂದಲಾದರೂ ಹೇಳಲಿಲ್ಲ. ಅತಿವೇಗವೆಂಬುದು ಸಾಪೇಕ್ಷವಾದ ಮಾತು. ಅದೊಂದರಿಂದಲೇ ದುಡುಕೂ ಸಿದ್ಧವಾಗುವುದಿಲ್ಲ, ಅಲಕ್ಷ್ಯವೂ ಸಿದ್ಧವಾಗುವುದಿಲ್ಲ ಎಂಬುದು ತೀರ್ಪಿನ ತಿರುಳು. ಇನ್ನೊಂದು ಸಂಗತಿ ನನಗೆ ಇದಕ್ಕಿಂತ ದೊಡ್ಡದಾಗಿ ಕಂಡಿದೆ. ಮೋಟಾರು ವಾಹನ ನಿರೀಕ್ಷಕರು ಆ ಲಾರಿಯನ್ನು ಪರೀಕ್ಷಿಸಿ ವರದಿ ಕೊಟ್ಟಿದ್ದರು. ಆ ವರದಿ ಕಡತದಲ್ಲಿ ಸಿಗಲಿಲ್ಲ; ನಿರೀಕ್ಷಕರನ್ನು ಸಾಕ್ಷಿಯಾಗಿ ಕರೆಯಲೂ ಇಲ್ಲ. ಬ್ರೇಕು ಹಿಡಿಯುತ್ತಿತ್ತೇ, ಸ್ಟೀರಿಂಗು ಸರಿಯಿತ್ತೇ ಎಂಬುದನ್ನು ಹೇಳಬಲ್ಲ ಕಾಗದ ಮಾಯವಾಯಿತು, 'ಅತಿವೇಗ' ಮಾತ್ರ ಸರ್ವೋಚ್ಚ ನ್ಯಾಯಾಲಯದ ತನಕ ನಡೆದುಕೊಂಡು ಹೋಯಿತು. ಹದಿನೈದು ಹೆಣಗಳಿಗೆ ಹದಿನಾರು ವರ್ಷಗಳ ಬಳಿಕ ಸಿಕ್ಕಿದ ಉತ್ತರ ಇದು.

ಇನ್ನು ನಮ್ಮೂರಿಗೆ ಬರುತ್ತೇನೆ. ಬದನವಾಳು ಎಂದರೆ ಹಳಬರಿಗೆ ಖಾದಿ ನೆನಪಾಗುತ್ತದೆ, ನಡುವಯಸ್ಸಿನವರಿಗೆ 1993ರ ಆ ಮೂರು ಕೊಲೆಗಳು. ಕೋರ್ಟಿನ ಕಾಗದವೆಂದರೆ ಏನೆಂಬುದು ನಮ್ಮ ಜನಕ್ಕೆ ಹೊಸದಲ್ಲ. ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಮಡಿಸಿದ ಹಾಳೆಯೊಂದನ್ನು ತಂದು "ಏನ್ ಬರ್ದವ್ರೆ ನೋಡಿ ಮೇಷ್ಟ್ರೇ" ಎನ್ನುತ್ತಾರೆ. ಹಾಗೆ ಬಂದವರಲ್ಲಿ ಒಬ್ಬಾಕೆ, ಮಗನನ್ನು ಕಳೆದುಕೊಂಡವಳು. ಹಿಂದಿನ ಸೀಟಿನಲ್ಲಿದ್ದು ಬದುಕಿಕೊಂಡ ಹುಡುಗ ಹೇಳಿದ್ದನ್ನು ಆಕೆ ನನಗೆ ಹೇಳಿದಳು: "ಕತ್ಲಾಗಿತ್ತು. ಕಬ್ಬಿನ ಟ್ಯಾಕ್ಟ್ರು ಮೋರಿ ತಾವ ಪಂಚೇರಾಗಿ ನಿಂತಿತ್ತಂತೆ. ಹಿಂದ್ಗಡೆ ದೀಪ ಇಲ್ಲ, ರೇಡಿಯಮ್ಮಿಲ್ಲ, ಒಂದು ಸೊಪ್ಪಿನ ಕೊಂಬೇನೂ ಸಿಗಿಸಿರ್ನಿಲ್ಲ. ಎದ್ರುಗಡೆ ಬಸ್ಸು ಬಂತು, ಬೆಳಕು ಕಣ್ಗೆ ಹೊಡೀತು, ನನ್ನ ಹೈದ ಎಡಕ್ಕೆ ತಕ್ಕಂಡ. ಅಲ್ಲಿ ಟ್ಯಾಕ್ಟ್ರಿತ್ತು."

ಇದಕ್ಕಿಂತ ಚೆನ್ನಾಗಿ ಬರೆಯುವುದು ನನ್ನ ಎಂ.ಎ. ವಿದ್ಯಾರ್ಥಿಗಳಿಗೂ ಕಷ್ಟ. ಹೊತ್ತು, ಸ್ಥಳ, ನಿಂತ ವಾಹನ, ಇಲ್ಲದ ದೀಪ, ಎದುರಿನ ಬೆಳಕು, ತಿರುಗಿಸಿದ ದಿಕ್ಕು ಎಲ್ಲವೂ ಅದರಲ್ಲಿವೆ. ನಕಾಶೆ ಬರೆಯುವವನು ಎದುರು ಕೂತು ಗೆರೆ ಎಳೆಯಬಹುದು. ಆಕೆಯ ಕೈಯಲ್ಲಿದ್ದ ಹಾಳೆಯಲ್ಲಿ ಏನಿತ್ತು? "ನನ್ನ ಮಗನು ತನ್ನ ಬಾಬ್ತು ದ್ವಿಚಕ್ರ ವಾಹನವನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಹೋಗಿ ರಸ್ತೆ ಬದಿಯಲ್ಲಿ ನಿಂತಿದ್ದ ಟ್ರ್ಯಾಕ್ಟರಿಗೆ ಡಿಕ್ಕಿ ಹೊಡೆದುಕೊಂಡು." ಕೆಳಗೆ ಆಕೆಯ ಹೆಬ್ಬೆಟ್ಟು. ದೀಪದ ಮಾತು ಎಲ್ಲಿಯೂ ಇಲ್ಲ. ಹೆತ್ತ ತಾಯಿಯ ಬಾಯಿಂದಲೇ ಸತ್ತ ಮಗನ ಮೇಲೆ ಆರೋಪ ಹೊರಿಸಿದ ಈ ಪ್ರಬಂಧವನ್ನು ಆಕೆಗೆ ಯಾರೂ ಓದಿ ಹೇಳಿರಲಿಲ್ಲ. ಮಾತನ್ನು ಬರಹಕ್ಕಿಳಿಸಿದ ಮೇಲೆ ಹೇಳಿದವರಿಗೆ ಓದಿ ಹೇಳಬೇಕೆಂಬುದು ಕಾನೂನೇ. ಹಿಂದಿನ ಸಂಹಿತೆಯ 154ನೆಯ ಕಲಮಿನಲ್ಲಿತ್ತು, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಲ್ಲಿದೆ. ವಾಹನವನ್ನು ಅಪಾಯವಾಗುವಂತೆ ರಸ್ತೆಯಲ್ಲಿ ನಿಲ್ಲಿಸಬಾರದೆಂದು ಮೋಟಾರು ವಾಹನಗಳ ಕಾಯಿದೆಯ 122ನೆಯ ಕಲಮು ಹೇಳುತ್ತದೆ. ಆ ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ನಮ್ಮ ಸೀಮೆಯ ಹೊಲದ ಬದುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿ. ಬರಹವುಳ್ಳ ಕಲ್ಲಾದರೆ ಸತ್ತವನಾರು, ಯಾವ ತುರುಗೋಳಿನಲ್ಲಿ, ಯಾರೊಡನೆ ಕಾದಿ ಎಂದು ನಾಲ್ಕು ಸಾಲಿನಲ್ಲಿ ಹೇಳಿಬಿಡುತ್ತದೆ. ಕಲ್ಲಿನಲ್ಲಿ ಕೊರೆಯುವವನಿಗೆ ಇದ್ದ ತಾಳ್ಮೆ ಕಂಪ್ಯೂಟರಿನಲ್ಲಿ ಕುಟ್ಟುವವನಿಗೆ ಇಲ್ಲವಾಯಿತೆ?

ಆ ಎರಡು ಮಾತುಗಳ ತೂಕವೆಷ್ಟು ಎಂಬುದಕ್ಕೆ ಅರಸೀಕೆರೆಯ ಕಡೆಯ ಪ್ರಕರಣವೊಂದಿದೆ. 2014ರ ಜೂನ್ 18ರಂದು ಕಾರು ಮಗುಚಿ ಅದನ್ನು ಓಡಿಸುತ್ತಿದ್ದವನೇ ಸತ್ತ. ಟೈರು ಒಡೆದುದೇ ಕಾರಣವೆಂದು ಮನೆಯವರೆಂದರು. ಪೋಲೀಸರ ಆರೋಪಪಟ್ಟಿ ಅವನ ವೇಗ, ಅಜಾಗರೂಕತೆಗಳನ್ನೇ ಹೇಳಿತು. ತನ್ನ ತಪ್ಪಿನಿಂದಲೇ ಸತ್ತವನ ವಾರಸುದಾರರಿಗೆ ವಿಮಾ ಕಂಪನಿ ಹಣ ಕೊಡಬೇಕಾಗಿಲ್ಲವೆಂದು ಉಚ್ಚ ನ್ಯಾಯಾಲಯ ಹೇಳಿದ್ದರಲ್ಲಿ ಕೈಹಾಕಲು 2025ರ ಜುಲೈ 2ರಂದು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ತೀರ್ಪಿನ ಸರಿತಪ್ಪು ನನಗೆ ಸಂಬಂಧಿಸಿದ್ದಲ್ಲ. ಆದರೆ ಒಂದು ಸಂಸಾರದ ಅನ್ನ ತೂಗುವ ತಕ್ಕಡಿಯಲ್ಲಿ ಬೀಳುವ ಮಾತನ್ನು ಅಭ್ಯಾಸಬಲದಿಂದ ಬರೆಯಬಹುದೇ ಎಂಬುದಷ್ಟು ನನ್ನ ಪ್ರಶ್ನೆ.

ನನ್ನ ವಕೀಲ ಮಿತ್ರರೊಬ್ಬರು ಇದಕ್ಕೆ ನಗುತ್ತಾರೆ. "ಆ ಮಾತಿಲ್ಲದಿದ್ದರೆ ಕೇಸೇ ನಿಲ್ಲುವುದಿಲ್ಲ ಮೇಷ್ಟ್ರೇ. ಠಾಣೆಯ ರೈಟರು ಅದನ್ನು ಬರೆಯುವುದು ಬಡವರಿಗೆ ಪರಿಹಾರ ಸಿಗಲೆಂದೇ" ಎಂಬುದು ಅವರ ವಾದ. ಇದು ತಳ್ಳಿಹಾಕುವ ಮಾತಲ್ಲ. ಎಷ್ಟೋ ಮಂದಿ ದಫೇದಾರರು ಕರುಣೆಯಿಂದಲೇ ಹಾಗೆ ಬರೆಯುತ್ತಾರೆ. ದಿನಕ್ಕೆ ಹತ್ತು ಬಗೆಯ ಬಂದೋಬಸ್ತು ಮುಗಿಸಿ ಬಂದು ನಡುರಾತ್ರಿ ದೂರು ಬರೆದುಕೊಳ್ಳುವವರ ಬೆನ್ನು ನೋವನ್ನೂ ನಾನು ಬಲ್ಲೆ. ಆದರೂ ಮಿತ್ರರ ಲೆಕ್ಕ ತಪ್ಪು. 166ನೆಯ ಕಲಮಿನ ಅರ್ಜಿಗೆ ಬೇಕಾದುದು ತಪ್ಪಿನ ಪುರಾವೆ, ತಪ್ಪೆಂಬ ಶಬ್ದವಲ್ಲ. 'ಟ್ರ್ಯಾಕ್ಟರಿಗೆ ಹಿಂದೀಪವಿರಲಿಲ್ಲ' ಎಂಬುದು ಪುರಾವೆ. 'ಅಜಾಗರೂಕತೆ' ಎಂಬುದು ಪಾಟೀಸವಾಲಿನಲ್ಲಿ ಎರಡು ನಿಮಿಷ ನಿಲ್ಲದ ಬೊಂಬೆ. ತಪ್ಪು ಯಾರದೆಂದು ಸಾಧಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಲು 164ನೆಯ ಕಲಮು 2022ರ ಏಪ್ರಿಲ್ 1ರಿಂದ ದಾರಿ ಮಾಡಿದೆ. ಕರುಣೆಗೆ ಸುಳ್ಳಿನ ಊರುಗೋಲು ಬೇಕಿಲ್ಲ.

ಇದಕ್ಕಿಂತ ಕೆಟ್ಟದ್ದೆಂದರೆ, ಈ ವಾಕ್ಯದಲ್ಲಿ ಕರ್ತೃ ಯಾವಾಗಲೂ ಚಾಲಕನೇ. ರಸ್ತೆಗೆ ಅದರಲ್ಲಿ ವಿಭಕ್ತಿಯೇ ಇಲ್ಲ! 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು. ಶಾಲೆಯಿಂದ ಮನೆಗೆ ಹೊರಟ ಮಕ್ಕಳು ಅವರಲ್ಲಿದ್ದರು. ನಾಲೆಯ ಏರಿಗೆ ತಡೆಗೋಡೆಯಿರಲಿಲ್ಲ. ಇಲ್ಲದ ಗೋಡೆಗೆ ಯಾವ ಕ್ರಿಯಾಪದ ಹಚ್ಚುವುದು? 2023ರ ಮೇ 29ರಂದು ನಮ್ಮ ಪಕ್ಕದ ತಿರುಮಕೂಡಲು ನರಸೀಪುರದ ಕುರುಬೂರಿನ ಬಳಿ ಕಾರಿಗೂ ಬಸ್ಸಿಗೂ ಎದುರುಬದುರು ಡಿಕ್ಕಿಯಾಗಿ ಬಳ್ಳಾರಿ ಕಡೆಯ ಪ್ರವಾಸಿಗಳು 10 ಮಂದಿ ಸತ್ತರು. ಅಂಥ ಕಡೆಗಳಲ್ಲಿ ತಿರುವು ಎಷ್ಟು, ರಸ್ತೆಯ ಅಗಲವೆಷ್ಟು ಎಂದು ಅಳೆದು ಬರೆದರಲ್ಲವೆ ಮುಂದಿನ ಬಸ್ಸು ಉಳಿಯುವುದು? 2019ರಲ್ಲಿ ಮೋಟಾರು ಕಾಯಿದೆಗೆ 198-ಎ ಎಂಬ ಕಲಮು ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ದುರಸ್ತಿಗಳ ಲೋಪದಿಂದ ಸಾವು ನೋವಾದರೆ ಅದಕ್ಕೆ ಹೊಣೆಯಾದ ಅಧಿಕಾರಿಗೂ ಗುತ್ತಿಗೆದಾರನಿಗೂ 1 ಲಕ್ಷ ರೂಪಾಯಿಯವರೆಗೆ ದಂಡ. ನನ್ನ ಮುಂದೆ ಬಂದ ಹಾಳೆಗಳಲ್ಲಿ ಆ ಸಂಖ್ಯೆಯನ್ನು ಒಂದು ಸಲವೂ ಕಂಡಿಲ್ಲ.

ಪೋಲೀಸರೇ ಘಟನೆಯೊಳಗಿದ್ದರೆ ಈ ವಾಕ್ಯದ ಗತಿಯೇನು? 2025ರ ಮೇ 26ರಂದು ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆಂದು ತಡೆದ ಬೈಕಿನಿಂದ ಬಿದ್ದು ಮೂರೂವರೆ ವರ್ಷದ ಮಗು ಸತ್ತಿತು. ನಾಯಿ ಕಚ್ಚಿದ ಮಗುವನ್ನು ತಂದೆತಾಯಿ ಆಸ್ಪತ್ರೆಗೆ ತಂದಿದ್ದರು. ಮೂವರು ಸಹಾಯಕ ಸಬ್ ಇನ್ಸ್‌ಪೆಕ್ಟರುಗಳು ಅಮಾನತಾದರು. ಹಠಾತ್ತನೆ ಅಡ್ಡ ಬರಬೇಡಿ, ಬೀಗದ ಕೈ ಕಿತ್ತುಕೊಳ್ಳಬೇಡಿ, ವೇಗವಾಗಿ ಹೋದವನನ್ನು ಬೆನ್ನಟ್ಟಬೇಡಿ, ನಂಬರು ಬರೆದುಕೊಳ್ಳಿ ಎಂದು ರಾಜ್ಯದ ಪೋಲೀಸು ಮುಖ್ಯಸ್ಥರ ಸೂಚನೆ ಆಮೇಲೆ ಹೊರಟಿತು. ಒಳ್ಳೆಯದೇ. ಗಮನಿಸಿ: ಆ ಸೂಚನೆಯ ಕ್ರಿಯಾಪದಗಳು ಎಷ್ಟು ಸ್ಪಷ್ಟವಾಗಿವೆ! ಬರೆಯಬೇಕೆಂದು ಮನಸ್ಸಾದಾಗ ಇಲಾಖೆಗೆ ಬರೆಯಲು ಬರುತ್ತದೆ.

ಸರ್ಕಾರದ ಕಡೆಯಿಂದ ಪ್ರಯತ್ನವಿಲ್ಲವೆಂದಲ್ಲ. ಅಪಘಾತವಾದ 48 ಗಂಟೆಗಳೊಳಗೆ ಮೊದಲ ವರದಿಯನ್ನು ಪರಿಹಾರದ ನ್ಯಾಯಮಂಡಳಿಗೆ ಕಳುಹಿಸಬೇಕೆಂದು 2022ರ ನಿಯಮಗಳು ಹೇಳಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಒತ್ತಿ ಹೇಳಿತು. ರಸ್ತೆಯ ಬಗೆ, ಬೆಳಕು, ಹವೆ ಎಂದು ಮೊಬೈಲಿನಲ್ಲೇ ತುಂಬುವ ಮನೆಗಳು ಬಂದಿವೆ. ಮನೆಗಳೇನೋ ತುಂಬುತ್ತವೆ, ಎಫ್.ಐ.ಆರ್. ತೆರೆದರೆ ಅಲ್ಲಿ ಮತ್ತೆ ಆ ಹಳೆಯ ವಾಕ್ಯವೇ ಕಾಲು ಚಾಚಿ ಮಲಗಿರುತ್ತದೆ. ನಮ್ಮ ಕನ್ನಡ ವಿಭಾಗಗಳೂ ಇದರಲ್ಲಿ ನಿರಪರಾಧಿಗಳಲ್ಲ. ಆಡಳಿತ ಕನ್ನಡವೆಂದು ಪದಕೋಶಗಳ ಮೇಲೆ ಪದಕೋಶ ಮಾಡಿದೆವು; ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳುವುದನ್ನು ಕಲಿಸುವ ಒಂದು ವಾರದ ಶಿಬಿರವನ್ನು ಠಾಣೆಯ ರೈಟರುಗಳಿಗೆ ನಡೆಸೋಣವೆಂದು ನಾನು ಕಂಡ ಯಾವ ವಿಭಾಗಕ್ಕೂ ತೋಚಲಿಲ್ಲ. ನಡೆಸುವುದಾದರೆ ಪಾಠ ಹೇಳಲು ಆ ತಾಯಿಯನ್ನು ಕರೆಯಬೇಕೆಂದು ನನ್ನ ಸೂಚನೆ.

ಅಲ್ಲಿಯವರೆಗೆ, ಊರಿನಿಂದ ಠಾಣೆಗೆ ಹೊರಡುವವರಿಗೆ ನಾನು ಹೇಳುತ್ತಿರುವುದಿಷ್ಟು. ವೇಗ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ. ದೀಪವಿತ್ತೇ, ಯಾವ ಪಕ್ಕದಲ್ಲಿ ಬಿದ್ದಿದ್ದರು, ಟೈರಿನ ಗುರುತು ಎಷ್ಟು ಮಾರು ಉದ್ದ, ರಸ್ತೆಯಲ್ಲಿ ಗುಂಡಿಯಿತ್ತೇ ಎಂಬುದನ್ನು ಹೇಳಿ, ಅದನ್ನೇ ಬರೆಯಿರಿ ಎನ್ನಿ. ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿ. ಏಳುವ ಮೊದಲು ನಕಲು ಕೇಳಿ. ಅದಕ್ಕೆ ಕಾಸು ಕೊಡಬೇಕಾಗಿಲ್ಲ.