ರೊಟ್ಟಿಯ ಪಕ್ಕದಲ್ಲಿ ಏನಿದೆ?

ತಾಳಿಕೋಟೆಯ ಸುತ್ತಣ ಡೋಣಿ ದಂಡೆಯ ಎರೆಭೂಮಿಯಲ್ಲಿ ಬೆಳೆಯುವ ಬಿಳಿಜೋಳವನ್ನು ದೂರುವುದು ನನ್ನ ಉದ್ದೇಶವಲ್ಲ. ನಾನೂ ರೊಟ್ಟಿ ಉಂಡೇ ಬೆಳೆದವನು. ಆದರೆ ರೈತ ಬಾಂಧವರೇ, ರೊಟ್ಟಿಗೆ ಬರೀ ಖಾರ, ಉಳ್ಳಾಗಡ್ಡಿ ಇದ್ದರೆ ಸಾಕೆಂಬ ಮಾತನ್ನು ಒಪ್ಪಲಾರೆ.

ಜೋಳವನ್ನೇ ನೆಚ್ಚಿದ ದಖ್ಖನದ ಬಡವರಲ್ಲಿ ಪೆಲಾಗ್ರ ರೋಗ ಏಕೆ ಕಾಣುತ್ತದೆಂಬುದಕ್ಕೆ 1960ರಲ್ಲಿ ಹೈದರಾಬಾದಿನ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಒಂದು ಕಾರಣ ಹೇಳಿದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶವು ನಯಾಸಿನ್ ಜೀವಸತ್ವದ ಉಪಯೋಗಕ್ಕೆ ಅಡ್ಡಿಯಾಗುತ್ತದೆಂಬುದು ಅವರ ವಾದ. ಈ ವಾದಕ್ಕೆ ಮುಂದೆ ಭಿನ್ನಾಭಿಪ್ರಾಯ ಬಂದುದುಂಟು. ನಯಾಸಿನ್ ಕೊರತೆಯಿಂದಾಗುವ ಕೇಡಿನ ಬಗ್ಗೆ ಮಾತ್ರ ಎರಡು ಮಾತಿಲ್ಲ. ಬಿಸಿಲು ತಾಗುವ ಕುತ್ತಿಗೆ, ಕೈಕಾಲುಗಳ ಚರ್ಮ ಕಪ್ಪಾಗಿ ಒರಟಾಗುತ್ತದೆ, ಭೇದಿ ಹಿಡಿಯುತ್ತದೆ. ನಿದ್ದೆ ಕೆಡುತ್ತದೆ; ಸಿಡುಕು, ಮಂಕು, ಕೊನೆಗೆ ಮರೆವು. ಇಂಥವರನ್ನು ಸೋಮಾರಿಯೆಂದೋ, ಗಾಳಿ ಸೋಕಿದೆಯೆಂದೋ ಮೂಲೆಗೆ ಕೂರಿಸುವುದು ಅನ್ಯಾಯ.

ಈಗ ಈ ರೋಗ ವಿರಳ. ಕುಡಿತಕ್ಕೆ ಬಿದ್ದು ಊಟ ಬಿಟ್ಟವರಲ್ಲಿ ಇನ್ನೂ ಕಾಣುತ್ತದೆ. ಮರೆವೆಲ್ಲ ಊಟದ ಕೊರತೆಯಿಂದಲೇ ಬರುವುದಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಂತಹ ನರರೋಗದಲ್ಲಿಯೂ ಮರೆವು, ಮಂಕು ಉಂಟು. ಅಲ್ಲಿ ಊಟ ಬದಲಿಸಿದೆವೆಂದು ಔಷಧ ಬಿಡುವುದು ಅಪಾಯ. ಮೊದಲು ವೈದ್ಯರಿಗೆ ತೋರಿಸಿರಿ.

ಇನ್ನು ಹೊಲದ ಮಾತು. ತೊಗರಿಗೆ ದರ ಬಂದೊಡನೆ ಕಾಳೆಲ್ಲ ಪೇಟೆಗೆ ಹೋಗಿ, ಬೆಳೆದವನ ಮನೆಯಲ್ಲಿಯೇ ಬೇಳೆ ತೆಳ್ಳಗಾಗುವುದನ್ನು ಕಂಡಿದ್ದೇನೆ. ಶೇಂಗಾದಲ್ಲಿ ನಯಾಸಿನ್ ಹೇರಳ. ಅದರ ಚಟ್ನಿಪುಡಿ ರೊಟ್ಟಿಗೆ ಹೇಳಿ ಮಾಡಿಸಿದ್ದು. ಆದುದರಿಂದ ಮಾರುವ ಮೊದಲೇ ವರ್ಷಕ್ಕೆ ಬೇಕಾಗುವ ತೊಗರಿ, ಕಡಲೆ, ಶೇಂಗಾ ಮನೆಗೆ ತೆಗೆದಿಡಿರಿ. ಹಾಲನ್ನೂ ಪೂರ್ತಿ ಡೇರಿಗೆ ಅಳೆಯದೆ, ಮನೆಯ ಹಿರಿಯರಿಗೆ ಒಂದು ಲೋಟ ಉಳಿಸಿರಿ.